ಹೊಸಹಟ್ಟಿಯಲ್ಲಿ ನಿಲ್ಲದ ಬಸ್ಸು

ಡಿಪೋದ ನೋಟಿಸ್ ಬೋರ್ಡಿನ ಮುಂದೆ ನಿಂತು ಭೀಮರಾಜ್ ಓದುವವನಂತೆ ನಟಿಸುತ್ತಿದ್ದ. ಬಿಳಿ ಹಾಳೆಯೊಂದು ಅಂಟಿರುವುದು ಕಾಣುತ್ತಿತ್ತು. ಅದರ ಮೇಲೆ ಇರುವೆ ಸಾಲಿನ ಹಾಗೆ ಏನೋ ಹರಿದುಹೋಗಿತ್ತು, ಅಷ್ಟೆ. ಕಂಡಕ್ಟರ್ ಚಿಕ್ಕಣ್ಣ ಟಿಕೆಟ್ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದವನು ಅವನ ಹೆಗಲ ಮೇಲಿಂದ ಇಣುಕಿದ.

"ಭೀಮಣ್ಣ, ನಿನ್ ಹೆಸ್ರು ಐತಲ್ಲೋ! ಸೋಮವಾರ ಕಣ್ಣಿನ ಪರೀಕ್ಷೆ. ಹೋದ ತಿಂಗ್ಳು ಡ್ಯೂಟಿ ಐತೆ ಅಂತ ಜಾರ್ಕೊಂಡೆ. ಈ ಸಲ ಹೆಸರಿನ ಕೆಳಗೆ ಕೆಂಪು ಗೀಟು ಎಳ್ದವ್ರೆ."

"ಓದ್ದೆ ಕಣೋ. ನಂಗೂ ಅಕ್ಷರ ಬತ್ತದೆ."

"ಬರ್ದೆ ಏನು? ಮಂತ್ರನೇ ಬಾಯಿಗೆ ಐತಲ್ಲ ನಿಂಗೆ," ಎಂದು ಚಿಕ್ಕಣ್ಣ ನಕ್ಕ. ನಕ್ಕವನು ಭೀಮರಾಜನ ಮುಖ ನೋಡಿ ತಟ್ಟನೆ ಬಾಯಿ ಮುಚ್ಚಿದ.

ಮಂತ್ರವೆಂದರೆ ಇಷ್ಟೇ. ನಲವತ್ತೈದು ದಾಟಿದ ಡ್ರೈವರುಗಳೆಲ್ಲ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಪರೀಕ್ಷೆಯ ಕೋಣೆಯಲ್ಲಿ ಗೋಡೆಗೆ ಒಂದು ಹಲಗೆ. ಮೇಲೆ ದಪ್ಪ ಅಕ್ಷರ, ಇಳಿಯುತ್ತಾ ಇಳಿಯುತ್ತಾ ಸಾಸಿವೆ ಕಾಳಿನಷ್ಟು. ಎಷ್ಟೋ ವರ್ಷದಿಂದ ಅದೇ ಹಲಗೆ, ಅವೇ ಅಕ್ಷರ. ಹಳೆಯ ಡ್ರೈವರುಗಳು ಟೀ ಅಂಗಡಿಯಲ್ಲಿ ಹೊಸಬರ ಕಿವಿಯಲ್ಲಿ ಅದನ್ನು ಉಪದೇಶ ಮಾಡುತ್ತಿದ್ದರು: "ಐದನೇ ಸಾಲು ರ, ಗ, ಟ, ಮ, ಪ. ಆರನೇದು ದ, ನ, ಚ, ಬ, ಲ. 'ಚ' ಹತ್ರ ವಸಿ ತಡವರಿಸು, ಡಾಕ್ಟರಿಗೆ ಅನುಮಾನ ಬರಲ್ಲ." ಭೀಮರಾಜ್ ಆ ತಡವರಿಕೆಯನ್ನೂ ಕಲಿತಿದ್ದ. ಮೂರು ವರ್ಷ ಒಂದು ಕಣ್ಣಿಗೆ ಅಂಗೈ ಮುಚ್ಚಿಕೊಂಡು, 'ಚ' ಬಂದಾಗ ಹುಬ್ಬು ಗಂಟಿಕ್ಕಿ, ಪಾಸಾಗಿ ಬಂದಿದ್ದ.

ಬೋರ್ಡಿನಿಂದ ಇತ್ತ ತಿರುಗಿದರೆ ಪೊರಕೆಯ ಸದ್ದು. ದ್ಯಾವಯ್ಯ ಡಿಪೋದ ಅಂಗಳ ಗುಡಿಸುತ್ತಿದ್ದ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ಅದು. ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದ ಮೇಲೆ 'ಲೈಟ್ ಡ್ಯೂಟಿ' ಎಂದು ಕೊಟ್ಟದ್ದು ಪೊರಕೆ. ಅದೇ ವರ್ಷ ಅದೇ ಪರೀಕ್ಷೆಯಲ್ಲಿ ವಿಜಯಸಾರಥಿಯೂ ನಪಾಸಾಗಿದ್ದ. ಅವನಿಗೆ ಕೊಟ್ಟ ಲೈಟ್ ಡ್ಯೂಟಿ ಬಸ್ ಪಾಸ್ ಬರೆಯುವ ಸೆಕ್ಷನ್ನಿನ ಮೇಜು, ತಲೆಯ ಮೇಲೊಂದು ಫ್ಯಾನು. ಒಂದೇ ಹಲಗೆ, ಒಂದೇ ಡಾಕ್ಟರು, ಒಂದೇ ಕುರುಡು. ಜಾತಿಗೆ ಮಾತ್ರ ಕಣ್ಣು ಸರಿಯಾಗಿ ಕಾಣುತ್ತಿತ್ತು. ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ಎಲ್ಲಿ ಬಗ್ಗಿಸಬೇಕು ಎಂಬುದು ಅದಕ್ಕೆ ಕತ್ತಲೆಯಲ್ಲೂ ಗೊತ್ತಿತ್ತು.

ಭೀಮರಾಜನ ಅಪ್ಪ ಗಿಡ್ಡಯ್ಯ ತಮ್ಮ ಹೊಸಹಟ್ಟಿಯ ಪಕ್ಕದ ಊರಿನ ಬೀದಿ ಗುಡಿಸಿ ಗುಡಿಸಿ ಬೆನ್ನು ಬಿಲ್ಲಾಗಿಸಿಕೊಂಡವನು. ಮಗನಿಗೆ ಡ್ರೈವರ್ ಕೆಲಸದ ಆರ್ಡರ್ ಬಂದ ದಿನ ಆ ಮುದುಕ ಮೂಲೆಯಲ್ಲಿದ್ದ ಪೊರಕೆಯನ್ನು ಮುರಿದು ಒಲೆಗೆ ತುರುಕಿ ನೀರು ಕಾಯಿಸಿದ್ದ. ಬೆಳೆದ ಮಗನನ್ನು ಕಲ್ಲ ಮೇಲೆ ಕೂರಿಸಿ ತಾನೇ ನೀರು ಹುಯ್ದಿದ್ದ. "ಇನ್ ಇದು ನಮ್ ಮನೆಗೆ ಬರ್ಕೂಡ್ದು ಕಣ್ ಮಗಾ." ಅಪ್ಪ ಸತ್ತು ಹತ್ತು ವರ್ಷವಾದರೂ ಆ ನೀರಿನ ಬಿಸಿ ಭೀಮರಾಜನ ಬೆನ್ನಿನ ಮೇಲಿತ್ತು. ದ್ಯಾವಯ್ಯನನ್ನು ಕಂಡಾಗಲೆಲ್ಲ ಅದು ಸುಡುತ್ತಿತ್ತು.

ಅರಸೀಕೆರೆಯ ಬಾಡಿಗೆ ಮನೆಯಲ್ಲಿ ಹೆಂಡತಿ ಮಾಲಿನಿ ಬುದ್ಧನ ಪಟದ ಕೆಳಗೆ ಕೂತು ಸೀಮೆಸುಣ್ಣದ ತುಂಡುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಅಂಗನವಾಡಿ ಟೀಚರು. ಬರುವ ಭಾನುವಾರ ಪೋಲಿಯೊ ಹನಿ. ಮನೆಮನೆಗೆ ಹೋಗಿ ನೆನಪು ಮಾಡಿ, ಹೇಳಿದ್ದಾಯಿತು ಎಂಬುದಕ್ಕೆ ಬಾಗಿಲ ಮೇಲೆ ಗುರುತು ಹಾಕಿ ಬರುವುದು ಅವಳ ಪಾಲಿನ ಕೆಲಸ.

"ಏನಂತೆ ಬೋರ್ಡಲ್ಲಿ?" ಎಂದಳು ತಲೆಯೆತ್ತದೆ.

"ಏನೂ ಇಲ್ಲ."

"ಚಿಕ್ಕಣ್ಣನ ಹೆಂಡ್ತಿ ನಲ್ಲಿ ಹತ್ರ ಸಿಕ್ಕಿದ್ಲು. ಸೋಮವಾರ ಅಂತೆ." ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ಊರೋರ ಬಾಗಿಲಿಗೆಲ್ಲ ಗುರುತು ಹಾಕ್ತೀನಿ. ನಮ್ಮನೆ ಬಾಗಿಲಿಗೆ ಯಾರ್ ಬಂದು ಹಾಕ್ಬೇಕು ಹೇಳಿ? ಬಚ್ಚಲಲ್ಲಿ ಇರುವೆ ಮುತ್ತಿ ಎರಡು ವರ್ಷ ಆಯ್ತು. ಸಕ್ಕರೆ ಕಾಯ್ಲೆ ಇರ್ಬೋದು, ರಕ್ತ ಕೊಟ್ಟು ಬನ್ನಿ ಅಂತ ಬಡ್ಕೊಂಡೆ. ಕೇಳಿದ್ರಾ?"

"ಇರುವೆ ಎಲ್ಲರ ಮನೇಲೂ ಇರ್ತವೆ."

"ಹೂಂ. ಎಲ್ಲರ ಮನೆ ಗಂಡಸ್ರೂ ಚಟ್ನಿ ಅನ್ಕೊಂಡು ಉಪ್ಪಿನಕಾಯಿಗೆ ಕೈ ಹಾಕ್ತಾರೆ, ಅಲ್ವಾ?"

ರಕ್ತ ಕೊಟ್ಟರೆ ಸಕ್ಕರೆ ಗೊತ್ತಾಗುತ್ತದೆ, ಸಕ್ಕರೆ ಗೊತ್ತಾದರೆ ಕಣ್ಣು ನೋಡುತ್ತಾರೆ, ಕಣ್ಣು ನೋಡಿದರೆ ಪೊರಕೆ. ಅವನ ತಲೆಯಲ್ಲಿ ಪರೀಕ್ಷೆ ಎಂಬ ದಾರಿ ಯಾವ ಊರಿನಿಂದ ಹೊರಟರೂ ಅದೇ ಅಂಗಳಕ್ಕೆ ಬಂದು ಮುಟ್ಟುತ್ತಿತ್ತು.

ಆ ಶನಿವಾರ ಬೇಲೂರಿನಿಂದ ಹೊರಟಾಗಲೇ ಹೊತ್ತು ವಾಲಿತ್ತು. ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಬಂದ ಶಾಲೆ ಮಕ್ಕಳು ಹತ್ತಿದರು. ಜಾವಗಲ್ಲಿನಲ್ಲಿ ಮದುವೆ ದಿಬ್ಬಣವೇ ನುಗ್ಗಿತು. ಮುಸ್ಸಂಜೆಯಾದರೆ ಚಿಕ್ಕಣ್ಣ ಮುಂದಿನ ಬಾಗಿಲ ಹತ್ತಿರ ನಿಂತು ಟಿಕೆಟ್ ಹರಿಯುತ್ತಲೇ, ಹಾಡು ಗುನುಗುವವನಂತೆ, "ಗಾಡಿ ಐತೆ, ಎಡಕ್ಕೆ... ಸೈಕಲ್ಲು, ಸೈಕಲ್ಲು..." ಎನ್ನುತ್ತಿದ್ದ. ಇಬ್ಬರ ನಡುವೆ ಈ ಬಗ್ಗೆ ಒಂದು ಮಾತೂ ಆಗಿರಲಿಲ್ಲ. ಕಣ್ಣಿಲ್ಲದವನೂ ಕೇಳಿರಲಿಲ್ಲ, ಕಣ್ಣಿದ್ದವನೂ ಹೇಳಿರಲಿಲ್ಲ. ಆದರೆ ಆ ದಿನ ದಿಬ್ಬಣದವರ ಬುಟ್ಟಿ, ಚಾಪೆ, ಕೂಸುಗಳ ನಡುವೆ ಚಿಕ್ಕಣ್ಣ ಹಿಂದಿನ ಸೀಟಿನ ಹತ್ತಿರವೇ ಸಿಕ್ಕಿಹಾಕಿಕೊಂಡ.

ಭೀಮರಾಜನಿಗೆ ದಾರಿ ಕೈಯಲ್ಲಿತ್ತು. ಕೆರೆ ಏರಿ ಮುಗಿದರೆ ತಿರುವು, ಸೇತುವೆ ಕುಲುಕಿದರೆ ಏರು, ಆಮೇಲೆ ಬಲಕ್ಕೆ ಕಪ್ಪಗೆ ದೊಡ್ಡದಾಗಿ ಬೇವಿನ ಮರ ಎದ್ದು ನಿಂತರೆ ಎಡಕ್ಕೆ ಹೊಸಹಟ್ಟಿ ಸ್ಟಾಪು. ಆ ಮರಕ್ಕಾಗಿ ಅವನು ಕಾಯುತ್ತಿದ್ದ. ಮರ ಬರಲೇ ಇಲ್ಲ. ರಸ್ತೆ ಅಗಲ ಮಾಡುವವರು ಆ ಬೆಳಿಗ್ಗೆ ಅದನ್ನು ಕಡಿದು ಉರುಳಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಎಡಗಡೆ ಮಸುಕಿನಲ್ಲಿ ಏನೋ ಅಲ್ಲಾಡಿದ ಹಾಗಾಯಿತು. ಬಾಗಿಲ ಕಂಬಿಗೆ ಏನೋ ಟಪ್ಪೆಂದು ತಾಗಿತು. ಕೊಂಬೆಯಿರಬೇಕು ಅಂದುಕೊಂಡ. ಹಿಂದಿನಿಂದ ಕೂಗಿದ್ದು ಕೇಳಿತು. ಮದುವೆಯವರ ಗಲಾಟೆ ಅಂದುಕೊಂಡ. ಬಸ್ಸು ಬಾಣಾವರದ ದೀಪಗಳ ಕಡೆಗೆ ಹೋಯಿತು.

ಭಾನುವಾರ ಬೆಳಿಗ್ಗೆ ಮಾಲಿನಿ ಪೋಲಿಯೊ ಡಬ್ಬಿ ತರಲು ಹೊರಡುವ ಹೊತ್ತಿಗೆ ಬಾಗಿಲಲ್ಲಿ ಮುತ್ತಮ್ಮ ನಿಂತಿದ್ದಳು. ಭೀಮರಾಜನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ಅವನಿಗೆ ಮುದ್ದೆ ತಟ್ಟಿ ಹಾಕಿದ ಕೈ.

"ಬಾ ದೊಡ್ಡವ್ವ! ನಿನ್ನೇನೇ ಬರ್ತೀನಿ ಅಂದಿದ್ದೆ, ಇಂದೂನ ಕರ್ಕೊಂಡು? ನಾನು ಅನ್ನ ಮಾಡಿಟ್ಕೊಂಡು ಕಾದೆ," ಎಂದಳು ಮಾಲಿನಿ. ಇಂದು ಮುತ್ತಮ್ಮನ ಮಗನ ಮಗಳು, ಚೊಚ್ಚಲ ಬಸುರಿ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ಹಳ್ಳಿಯಿಂದ ಬಂದರೆ ಸಾಲು ಸಿಗುವುದಿಲ್ಲವೆಂದು ಎರಡು ದಿನ ಮೊದಲೇ ಬಂದಿರಿ ಎಂದು ಮಾಲಿನಿಯೇ ಹೇಳಿಕಳಿಸಿದ್ದಳು.

ಮುತ್ತಮ್ಮ ಒಳಗೆ ಬರಲಿಲ್ಲ. ಸೆರಗಿನಡಿಯಿಂದ ಒಂದು ಬಟ್ಟೆಚೀಲ ತೆಗೆದು ಹೊಸ್ತಿಲ ಮೇಲಿಟ್ಟಳು. ಅದು ಉದ್ದಕ್ಕೆ ಹರಿದಿತ್ತು. ಹೊಲಿಗೆಯ ಸಂದಿಯಲ್ಲಿ ಹುರಿಹಿಟ್ಟು ಅಂಟಿಕೊಂಡಿತ್ತು.

"ಡ್ರೈವರ್ ಸಾಹೇಬ್ರಿಗೆ ಅಂತ ಹುರಿಹಿಟ್ಟು ತಂದಿದ್ದೆ ಕಣವ್ವ. ಅವ್ರ ಬಸ್ಸೇ ಇಸ್ಕೊಂಡು ಹೋಯ್ತು."

"ಏನ್ ದೊಡ್ಡವ್ವ ಹಂಗಂದ್ರೆ?" ಎಂದು ಭೀಮರಾಜ್ ಎದ್ದು ಬಂದ.

"ನಿಂಗೆ ಗೊತ್ತಿಲ್ವೇನಪ್ಪ? ನಮ್ಮ ಭೀಮನ್ ಬಸ್ಸು ಅಂತ ಇಂದು ಕೈ ಎತ್ಕೊಂಡು ಮುಂದಕ್ಕೆ ಹೋದ್ಲು. 'ದೊಡ್ಡಪ್ಪಾ, ದೊಡ್ಡಪ್ಪಾ' ಅಂತ ಕೂಗಿದ್ಲು. ನೀನು ಇತ್ತ ಕತ್ತೂ ತಿರುಗಿಸ್ಲಿಲ್ಲ. ಬಾಗಿಲ ಕಂಬಿ ಬಂದು ಅವಳ ಕೈಲಿದ್ದ ಚೀಲಕ್ಕೆ ಹೊಡೀತು. ಚೀಲಕ್ಕೆ ಹೊಡೀತು ನೋಡು, ಹೊಟ್ಟೆಗಲ್ಲ." ಅವಳು ಅಂಗೈ ಅಗಲಿಸಿ ತೋರಿಸಿದಳು. "ಇಷ್ಟೇ ಇದ್ದಿದ್ದು ನಡುವೆ."

ಭೀಮರಾಜನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೊಂಬೆ ಅಂದುಕೊಂಡಿದ್ದ. ಕೊಂಬೆ!

"ಇಂದು ಹೆಂಗವ್ಳೆ?" ಎಂದ.

"ಅವ್ಳೆ. ಬಿದ್ದು ಮಂಡಿ ತರ್ಚಿದೆ. ನಿಮ್ಮನೆಗೆ ಬರಲ್ಲ ಅಂತ ಕೂತವ್ಳೆ." ಮುತ್ತಮ್ಮ ಮೂಗು ಒರೆಸಿಕೊಂಡಳು. "ಹಿಂದ್ಕೆ ನಮ್ ಹಟ್ಟಿ ಜನ ಕಂಡ್ರೆ ಬಸ್ಸು ನಿಲ್ಲಿಸ್ತಿರ್ಲಿಲ್ಲ. ಊರ ಮುಂದೆ ನಿಲ್ಸೋರು, ನಮ್ ಮುಂದೆ ಧೂಳೆಬ್ಬಿಸ್ಕೊಂಡು ಹೋಗೋರು. ಆಗ ರಸ್ತೇಲಿ ಅಡ್ಡ ಮಲಗಿ ನಿಲ್ಸಿದ್ದು ಯಾರು? ನೀನೇ ಅಲ್ವೇನೋ? ಪಕ್ಕದ್ಮನೆ ಬೋರಮ್ಮ ಏನಂದ್ಲು ಗೊತ್ತಾ? 'ಖಾಕಿ ಹಾಕ್ಕಂಡ ಮೇಲೆ ಎಲ್ಲಾ ಒಂದೇ ಜಾತಿ ಕಣಕ್ಕ' ಅಂದ್ಲು. ನಂಗೆ ಬಾಯಿ ಬರ್ಲಿಲ್ಲ."

ಅದು ನಿಜ. ಹಟ್ಟಿಯ ಶಾಲೆಯ ಜಗಲಿಯಲ್ಲಿ ಲಾಟೀನಿನ ಸುತ್ತ ಕೂತು ಓದುತ್ತಿದ್ದ ಬಳಗ. ಒಬ್ಬ ಓದುವುದು, ಹತ್ತು ಜನ ಕೇಳುವುದು, ಆಮೇಲೆ ಜಗಳವಾಡುವುದು. ಅಲ್ಲೇ ಅರ್ಜಿ ಬರೆದದ್ದು, ಅರ್ಜಿ ಕಸದಬುಟ್ಟಿ ಸೇರಿದ ಮೇಲೆ ರಸ್ತೆಗೆ ಇಳಿದದ್ದು. ಇಪ್ಪತ್ತರ ಭೀಮರಾಜ್ ಬಸ್ಸಿನ ಚಕ್ರದ ಮುಂದೆ ಅಂಗಾತ ಮಲಗಿದ್ದ. "ನಮ್ಮನ್ನ ನೋಡಿ ನಿಲ್ಲಿಸು, ಇಲ್ಲ ಮೈಮೇಲೆ ಹತ್ಸಿಕೊಂಡು ಹೋಗು" ಎಂದು ಕೂಗಿದ್ದ. ಬಸ್ಸು ನಿಂತಿತ್ತು. ಅಂದಿನಿಂದ ಹೊಸಹಟ್ಟಿ ಒಂದು ಸ್ಟಾಪು.

ಈಗ ಅವನು ಬಾಯಿಬಿಟ್ಟು ಮೂರು ಮಾತು ಹೇಳಿದರೆ ಸಾಕಿತ್ತು: ನಂಗೆ ಕಣ್ಣು ಕಾಣಲ್ಲ. ಮಾತು ನಾಲಿಗೆಯ ತುದಿಗೆ ಬಂದಿತು. ಅದರ ಹಿಂದೆಯೇ ಪೊರಕೆಯ ಸದ್ದೂ ಬಂದಿತು. ಅವನು ಮಾತನ್ನು ಉಗುಳಿನ ಜೊತೆ ನುಂಗಿಕೊಂಡ.

"ಬಸ್ಸು ತುಂಬಿತ್ತು ದೊಡ್ಡವ್ವ... ಮದುವೆ ಜನ..." ಎಂದ.

ಮುತ್ತಮ್ಮ ಅವನನ್ನೇ ನೋಡಿದಳು. "ಆವಾಗಿನ ಡ್ರೈವರೂ ಇದನ್ನೇ ಅಂತಿದ್ದ ಕಣಪ್ಪ."

ಮಾಲಿನಿ ನೀರಿನ ಚೊಂಬು ತಂದು ಹಿಡಿದಳು. ಮುತ್ತಮ್ಮ ಅದನ್ನು ಮುಟ್ಟಲಿಲ್ಲ. "ಬ್ಯಾಡ ಕಣವ್ವ. ದೊಡ್ಡೋರ ಮನೆ ನೀರು, ನಮ್ ಗಂಟ್ಲಲ್ಲಿ ಇಳೀಬೇಕಲ್ಲ," ಎಂದು ಮೆಟ್ಟಿಲಿಳಿದು ಹೋದಳು. ಊರಿನ ಬಾವಿಯಲ್ಲಿ ನೀರು ಮುಟ್ಟಬೇಡ ಅನ್ನಿಸಿಕೊಂಡು ಬೆಳೆದ ಮನೆತನ. ಸ್ವಂತ ದೊಡ್ಡಮ್ಮ ತಮ್ಮ ಮನೆಯ ನೀರು ಮುಟ್ಟದೆ ಹೋಗುವ ದಿನವೂ ಬಂದಿತ್ತು.

ಮಾಲಿನಿ ಚೊಂಬನ್ನು ಹೊಸ್ತಿಲ ಮೇಲೇ ಇಟ್ಟಳು. ಆಮೇಲೆ ಗಂಡನ ಹತ್ತಿರ ಬಂದು, ಅವನ ಮುಖದ ಎದುರು ಮೂರು ಬೆರಳು ಹಿಡಿದಳು. ಬಾಗಿಲಿಗೆ ಬೆನ್ನು ಮಾಡಿ, ನೆರಳಿನಲ್ಲಿ.

"ಎಷ್ಟು?"

"ಮಾಲಿನಿ, ಬ್ಯಾಡ."

"ಎಷ್ಟು ಹೇಳಿ."

"...ನಾಕು."

ಅವಳ ಕೈ ಇಳಿಯಿತು. "ಕಣ್ಣು ಕಾಣಲ್ಲ ಅನ್ನೋಕೆ ನಾಚ್ಕೆ ನಿಮಗೆ. ಹಟ್ಟಿ ಮರೆತೋನು ಅನ್ನಿಸ್ಕೊಳ್ಳೋಕೆ ನಾಚ್ಕೆ ಇಲ್ಲ. ಆ ಹುಡ್ಗಿ ಹೊಟ್ಟೆಗೆ ತಾಗಿದ್ರೆ ಅದನ್ನೂ ಮದುವೆ ಜನ ಅಂತ ಹೇಳ್ತಿದ್ರಾ?"

"ಪೊರಕೆ ಕೊಡ್ತಾರೆ ಕಣೇ!" ಎಂದು ಅವನು ಕಿರುಚಿದ. ಕಿರುಚಿದ್ದು ಅಳುವಿನ ಹಾಗೆ ಕೇಳಿತು. "ಅಪ್ಪ ಸುಟ್ಟು ಹಾಕಿದ್ದನ್ನ ನನ್ ಕೈಗೆ ಕೊಡ್ತಾರೆ!"

"ಕೊಡೋದು ಅವರ ನಾಚ್ಕೆಗೇಡು. ಅದಕ್ಕೆ ಹೆದ್ರಿ ನೀವು ನಮ್ ಜನದ ಮೇಲೆ ಬಸ್ಸು ಹತ್ತಿಸೋದು ಯಾರ ನಾಚ್ಕೆಗೇಡು?"

ಹೊರಗೆ ಯಾರೋ "ಟೀಚರೇ, ಹೊತ್ತಾಯ್ತು" ಎಂದು ಕರೆದರು. ಮಾಲಿನಿ ಕಣ್ಣೊರೆಸಿಕೊಂಡು ಡಬ್ಬಿಯಿಂದ ಒಂದು ಸೀಮೆಸುಣ್ಣ ತೆಗೆದಳು. ಚಿಕ್ಕ ಮಕ್ಕಳೇ ಇಲ್ಲದ ತಮ್ಮ ಮನೆಯ ಬಾಗಿಲ ಮೇಲೆ, ಅವನ ಕಣ್ಣಿಗೂ ಕಾಣುವಷ್ಟು ದೊಡ್ಡದಾಗಿ, ಒಂದು ಗುರುತು ಎಳೆದು ಹೊರಟುಹೋದಳು.

ಸೋಮವಾರ ಪರೀಕ್ಷೆಯ ಕೋಣೆಯ ಹೊರಗೆ ಡ್ರೈವರುಗಳು ಸಾಲಾಗಿ ಬೆಂಚಿನ ಮೇಲೆ ಕೂತಿದ್ದರು. ಒಬ್ಬ ತುಟಿ ಅಲ್ಲಾಡಿಸುತ್ತಾ ಮನನ ಮಾಡುತ್ತಿದ್ದ. ಭೀಮರಾಜನ ಸರದಿ ಬಂತು. ಎಡಗಣ್ಣಿಗೆ ಅಂಗೈ.

"ಐದನೇ ಸಾಲು," ಎಂದರು ಡಾಕ್ಟರು.

"ರ... ಗ... ಟ..." ಬಾಯಿ ತಾನಾಗಿ ಓಡುತ್ತಿತ್ತು. "ಮ... ಪ..."

"ಆರು."

"ದ... ನ..." 'ಚ' ಬಂತು. ತಡವರಿಸಬೇಕಾದ ಜಾಗ. ಅವನು ತಡವರಿಸಿದ. ಆಮೇಲೆ ಮುಂದಕ್ಕೆ ಹೋಗಲಾಗಲಿಲ್ಲ. ಮುಂದೆ ಮಸುಕಾದ ಬಿಳಿ ಗೋಡೆ. ಅದರ ಮೇಲೆ ಒಂದು ಕೈ ಎತ್ತಿ ನಿಂತ ಬಸುರಿ. ಈ ಸಲ ಅವಳು ಕಾಣುತ್ತಿದ್ದಳು.

"ಚ ಅಲ್ವೇನ್ರೀ ಅದು?" ಡಾಕ್ಟರು ಸಹಾಯ ಮಾಡಲು ಹೋದರು.

"ಚಾನೇ ಸಾರ್. ಆಮೇಲೆ ಬ, ಲ. ನಂಗೊಂದೂ ಕಾಣಲ್ಲ. ಬಾಯಿಪಾಠ ಸಾರ್ ಇದು. ಮೂರು ವರ್ಷದಿಂದ."

ಹೊರಗಿನ ಬೆಂಚಿನ ಮೇಲೆ ತುಟಿ ಅಲ್ಲಾಡಿಸುತ್ತಿದ್ದವನು ನಿಲ್ಲಿಸಿದ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣಿಗೆ ಔಷಧಿ ಬಿಟ್ಟು, ಕಾಯಿಸಿ, ದೀಪ ಹಿಡಿದು ನೋಡಿದರು. ರಕ್ತ ತೆಗೆಸಿದರು. "ಸಕ್ಕರೆ ಒಳಗೊಳಗೇ ತಿಂದುಬಿಟ್ಟಿದೆ ಕಣ್ರೀ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಲೇಸರಿನಲ್ಲಿ ಉಳಿಸ್ಕೋಬಹುದು. ಮೊದಲನೇ ವರ್ಷವೇ ಬಂದಿದ್ದರೆ ಇಷ್ಟರಲ್ಲಿ ಅರ್ಧವೂ ಹೋಗ್ತಿರಲಿಲ್ಲ. ವರ್ಷಾ ವರ್ಷಾ ಕರೆಯೋದು ಇದಕ್ಕೇ ಅಲ್ವಾ?"

ವರ್ಷಾ ವರ್ಷಾ ಬಂದಿದ್ದೆನಲ್ಲ ಸಾರ್, ಎಂದು ಭೀಮರಾಜ್ ಮನಸ್ಸಿನಲ್ಲೇ ಅಂದುಕೊಂಡ. ಬಂದು, ನಿಮ್ಮ ಮುಂದೆ ಕೂತು, ನನ್ನ ಕಣ್ಣು ನಾನೇ ಕಿತ್ತುಕೊಂಡು ಹೋಗಿದ್ದೆ.

ಡಿಪೋದ ಹೆಡ್ ಕ್ಲರ್ಕ್ ವೆಂಕಟರಾಮಯ್ಯ ಡಾಕ್ಟರ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಓದಿದರು. ದನಿಯಲ್ಲಿ ಬೆಣ್ಣೆ. "ಪಾಪ, ಎಂಥಾ ಕೆಲಸ ಆಯ್ತು ಭೀಮರಾಜ್. ಚಿಂತೆ ಮಾಡಬೇಡಿ, ಯಾರನ್ನೂ ಬೀದಿಗೆ ಬಿಡಲ್ಲ ನಾವು. ಅಂಗಳದ ಸ್ವಚ್ಛತೆಗೆ ಹಾಕ್ತೀನಿ. ನಿಮ್ಮ ಕಡೆಯೋರಿಗೆ ಅದು ಅಭ್ಯಾಸ ಇರುತ್ತಲ್ಲ, ಕಷ್ಟ ಆಗಲ್ಲ."

"ವಿಜಯಸಾರಥಿಯೋರಿಗೆ ಮೇಜು ಕೊಟ್ರಲ್ಲ ಸಾರ್. ಅವರ ಕಡೆಯೋರಿಗೆ ಏನು ಅಭ್ಯಾಸ ಇತ್ತು?"

"ಅದು... ಅದು ಬೇರೆ ವಿಷಯ ಕಣ್ರೀ."

"ಕಣ್ಣು ಒಂದೇ ಸಾರ್. ನಂಗೂ ಮೇಜೇ ಬೇಕು. ಪೊರಕೆ ಮುಟ್ಟಲ್ಲ. ಬರೆದು ಕೊಡಿ ಅಂದ್ರೆ ಬರೆದುಕೊಡ್ತೀನಿ, ಕಾಣ್ದಿದ್ರೆ ದಪ್ಪಕ್ಷರದಲ್ಲಿ ಬರೀತೀನಿ."

ಹೊರಗೆ ಬಂದಾಗ ದ್ಯಾವಯ್ಯ ಪೊರಕೆಯನ್ನು ಗೋಡೆಗೆ ಒರಗಿಸಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ನಾನು ಕೊಟ್ಟಾಗ ಇಸ್ಕೊಂಬಿಟ್ಟೆ ಕಣೋ. ನೀನು ಇಸ್ಕೋಬ್ಯಾಡ," ಎಂದ. ಆಮೇಲೆ ಕೇಳಿದ, "ನೀನು ದಿನಾ ಇದೇ ದಾರೀಲಿ ಹೋಗ್ತಿದ್ಯಲ್ಲ, ನನ್ ಜೊತೆ ಯಾಕೋ ಒಂದ್ ಮಾತೂ ಆಡ್ತಿರ್ಲಿಲ್ಲ?"

ಭೀಮರಾಜನಿಗೆ ಉತ್ತರ ಗೊತ್ತಿತ್ತು. ದ್ಯಾವಯ್ಯನನ್ನು ಕಾಣದಿರಲು ಅವನಿಗೆ ಸಕ್ಕರೆ ಕಾಯಿಲೆಯೇನೂ ಬೇಕಾಗಿರಲಿಲ್ಲ. ಕಣ್ಣು ಚೆನ್ನಾಗಿದ್ದ ದಿನಗಳಲ್ಲೂ ಅವನು ಮುಖ ತಿರುಗಿಸಿಯೇ ನಡೆದಿದ್ದ.

ಮೇಜೋ ಪೊರಕೆಯೋ ತೀರ್ಮಾನವಾಗುವ ಮೊದಲೇ, ಆ ವಾರವೇ ಅವನು ಹೊಸಹಟ್ಟಿಗೆ ಹೋದ. ಟಿಕೆಟ್ ಕೊಂಡು, ಕಿಟಕಿಯ ಪಕ್ಕ ಕೂತು, ಚಿಕ್ಕಣ್ಣನ ಬಾಯಿಂದ "ಇಳೀಯಣ್ಣ, ಬಂತು" ಅನ್ನಿಸಿಕೊಂಡು ಇಳಿದ. ಮುತ್ತಮ್ಮ ಗುಡಿಸಲ ಮುಂದೆ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಬೋರಮ್ಮ, ಇನ್ನಿಬ್ಬರು. ಒಬ್ಬಳಿಗೇ ಹೇಳೋಣ ಅಂದುಕೊಂಡು ಬಂದಿದ್ದವನು ಎಲ್ಲರ ಮುಂದೆ ನಿಂತುಬಿಟ್ಟ.

"ದೊಡ್ಡವ್ವ, ಬಸ್ಸು ತುಂಬಿತ್ತು ಅಂದಿದ್ದು ಸುಳ್ಳು. ನೀವು ನಂಗೆ ಕಾಣ್ಲಿಲ್ಲ. ಕಣ್ಣು ಹೋಗಿ ಮೂರು ವರ್ಷ ಆಗಿತ್ತು. ಪೊರಕೆ ಕೊಡ್ತಾರೆ ಅಂತ ಮುಚ್ಚಿಟ್ಟು ಓಡಿಸ್ತಿದ್ದೆ."

ಮೊರ ನಿಂತಿತು.

"ಮೂರು ವರ್ಷ," ಎಂದಳು ಮುತ್ತಮ್ಮ. "ಮೂರು ವರ್ಷದಿಂದ ನಮ್ಮನ್ನೆಲ್ಲ ಕೂರಿಸ್ಕೊಂಡು, ಕಾಣ್ದೆ ಓಡಿಸ್ದೆ? ಸೊಕ್ಕು ಬಂದೈತೆ ಅಂದ್ಕೊಂಡಿದ್ದೆ. ಸೊಕ್ಕಾಗಿದ್ರೇ ವಾಸಿಯಿತ್ತಲ್ಲೋ!"

ಒಳಗೆ ಇಂದುವಿನ ಬಳೆ ಸದ್ದಾಯಿತು. ಅವಳು ಹೊರಗೆ ಬರಲಿಲ್ಲ. ಅವನೂ ಬಾ ಎಂದು ಕರೆಯಲಿಲ್ಲ. ಮಾಲಿನಿ ಹೇಳಿಕಳಿಸಿದ್ದನ್ನು ಮಾತ್ರ ಬಾಗಿಲ ಕಡೆ ಮುಖ ಮಾಡಿ ಒಪ್ಪಿಸಿದ: "ಮುಂದಿನ ಸೋಮವಾರ ತಪಾಸಣೆ ಐತಂತೆ ಕಣವ್ವ. ತಪ್ಪಿಸ್ಬೇಡ. ನಮ್ಮನೆಗೆ ಬರ್ದಿದ್ರೂ ಪರ್ವಾಗಿಲ್ಲ, ಆಸ್ಪತ್ರೆಗೆ ಹೋಗು."

ಸಂಜೆ ಸ್ಟಾಪಿನವರೆಗೆ ಮುತ್ತಮ್ಮ ಜೊತೆಗೆ ಬಂದಳು. ಕ್ಷಮಿಸಿದ್ದಕ್ಕಲ್ಲ. ಮುಸ್ಸಂಜೆಯಲ್ಲಿ ಇವನೊಬ್ಬನೇ ರಸ್ತೆಯ ಅಂಚಿನಲ್ಲಿ ನಿಲ್ಲಬಾರದಲ್ಲ ಎಂದು. ಬೇವಿನ ಮರದ ಬುಡ ಇನ್ನೂ ಹಸಿಹಸಿಯಾಗಿ ವಾಸನೆ ಬೀರುತ್ತಿತ್ತು.

"ಬಂತು ಕಣಪ್ಪ, ಕೈ ಎತ್ತು," ಎಂದಳು.

ಅವನಿಗೆ ಕಂಡದ್ದು ಎರಡು ಬೆಳಕಿನ ಉಂಡೆ. ಕೈ ಎತ್ತಿದ. ಉಂಡೆಗಳು ದೊಡ್ಡವಾದವು, ಸದ್ದು ದೊಡ್ಡದಾಯಿತು, ಗಾಳಿ ಮುಖಕ್ಕೆ ರಾಚಿತು. ಬಸ್ಸು ನಿಲ್ಲಲಿಲ್ಲ. ಧೂಳು ನಿಧಾನವಾಗಿ ಅವರಿಬ್ಬರ ಮೇಲೆ ಇಳಿಯಿತು.

ಓಡಿಸುತ್ತಿದ್ದವನಿಗೆ ಕಾಣಲಿಲ್ಲವೋ, ಕಂಡೂ ಹೋದನೋ? ಭೀಮರಾಜನಿಗೆ ಗೊತ್ತಾಗಲಿಲ್ಲ. ಕೆಳಗೆ ನಿಂತವನಿಗೆ ಎರಡೂ ಒಂದೇ ಎಂಬುದು ಮಾತ್ರ ಗೊತ್ತಾಯಿತು. ಎತ್ತಿದ ಕೈಯನ್ನು ಇಳಿಸಲು ನಾಚಿಕೆಯಾಗಿ ಅವನು ಹಾಗೇ ಹಿಡಿದುಕೊಂಡೇ ನಿಂತಿದ್ದ.

"ಇಳ್ಸು," ಎಂದು ಮುತ್ತಮ್ಮ ಅವನ ತೋಳು ಹಿಡಿದು ರಸ್ತೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಳು. "ಇನ್ನೊಂದು ಬತ್ತದೆ. ಬಂದಾಗ ಹೇಳ್ತೀನಿ."